ಹಾರ ಹಾಕುವಾಗಿನ ನಗು

ಶಾಖಾ ಅಂಚೆ ಕಚೇರಿ, ಚಿಂಚೋಳಿ ತಾಲೂಕು
೧೦ ಜೂನ್ ೨೦೨೪

ಮಲಂಗ್ ಅಣ್ಣನವರಿಗೆ ಸುಮಂಗಲಾಳ ಜೈಭೀಮ್.

ನಿಮಗೆ ನೆನಪಿರಲಿಕ್ಕಿಲ್ಲ. ಫೆಬ್ರವರಿಯಲ್ಲಿ ಸೇಡಂನಲ್ಲಿ ನಡೆದ ನಮ್ಮ ಮದುವೆಯ ಫೋಟೊ ತೆಗೆದವರು ನೀವು. ನಾನು ಆಡಕಿಯವಳು. ನಮ್ಮ ಮನೆಯವರ ಹೆಸರು ಪ್ರಬುದ್ಧ, ಸನ್ನತಿ ಕಡೆಯವರು, ಶಾಲೆಯಲ್ಲಿ ಮಾಸ್ತರರು. ಅವರ ಶಾಲೆಯೂ ನನ್ನ ಅಂಚೆ ಕಚೇರಿಯೂ ಒಂದೇ ಊರಲ್ಲಿ ಇರುವುದರಿಂದ ಇಲ್ಲೇ ಮನೆ ಮಾಡಿದ್ದೇವೆ. ಅತ್ತೆಯವರೂ ಜೊತೆಗಿದ್ದಾರೆ.

ಆಲ್ಬಮ್ ಎಲ್ಲರಿಗೂ ಹಿಡಿಸಿದೆ. ಅದರಲ್ಲಿ ನಾನು ಇವರ ಕೊರಳಿಗೆ ಹಾರ ಹಾಕುತ್ತ ಬಾಯಿತುಂಬ ನಗುತ್ತಿರುವ ಫೋಟೊ ಇದೆ. ಇವರೂ ನಗುತ್ತಿದ್ದಾರೆ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಪಡಸಾಲೆಯಲ್ಲಿ ಹಾಕಿದ್ದಾರೆ.

ಒಂದು ಮಾತು ಕೇಳಬೇಕಿತ್ತು. ಆ ಹೊತ್ತಿನಲ್ಲಿ ನಾನು ಯಾಕೆ ನಕ್ಕೆ? ನೀವು ಏನಾದರೂ ಅಂದಿರಾ? ನನಗೆ ನೆನಪಾಗುತ್ತಿಲ್ಲ.

ಫೋನ್ ಮಾಡಬಹುದಿತ್ತು. ನಮ್ಮದು ಎರಡು ಕೋಣೆಯ ಮನೆ, ಒಂದರಲ್ಲಿ ಆಡಿದ್ದು ಇನ್ನೊಂದಕ್ಕೆ ಕೇಳುತ್ತದೆ. ಉತ್ತರವನ್ನು ಅಂಚೆ ಕಚೇರಿಯ ವಿಳಾಸಕ್ಕೇ ಬರೆಯಿರಿ. ಇಲ್ಲಿ ಚೀಲ ಬಿಚ್ಚುವವಳು ನಾನೇ.

ಸುಮಂಗಲಾ


ಮಲಂಗ್ ಫೋಟೊ ಸ್ಟುಡಿಯೊ, ಶಹಾಬಾದ
೧೭ ಜೂನ್ ೨೦೨೪

ಸುಮಂಗಲಾ ತಂಗಿಗೆ ಹಾಜಿಮಲಂಗನ ಸಲಾಂ, ಜೈಭೀಮ್.

ನೆನಪಿಲ್ಲದೆ ಏನು? ನಾನು ಹೆಸರು ಮರೆಯುತ್ತೇನೆ, ಮುಖ ಮರೆಯುವುದಿಲ್ಲ. ನಿಮ್ಮ ಲಕೋಟೆಯನ್ನು ನನ್ನ ಹೆಂಡತಿ ಮಾಸುಮಬಿ ಮೊದಲು ನೋಡಿದಳು. “ಲೈಟ್ ಬಿಲ್ ಬಿಟ್ರ ನಿಮಗ ಬ್ಯಾರೆ ಕಾಗದ ಬಂದಿದ್ದೇ ನಾ ನೋಡಿಲ್ಲ. ಯಾರ್ರಿ ಈಕಿ?” ಅಂದಳು. ಮದುಮಗಳು ಅಂದೆ. “ಯಾರ ಮದುಮಗಳು?” ಅಂದಳು. ಗಿರಾಕಿಯೊಬ್ಬರು ನನ್ನ ಕೆಲಸ ಹೊಗಳಿ ಬರೆದಿದ್ದಾರೆ ಎಂದು ಹೇಳಿ ಮಡಚಿ ಜೇಬಿಗೆ ಹಾಕಿಕೊಂಡೆ. ನಾನು ಫೋಟೊ ತೆಗೆಯುವವನು, ಆಕೆ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಕೂಡಿಸುವವಳು. ಹೊಗಳಿಕೆಯಲ್ಲಿ ಆಕೆಗೆ ಪಾಲು ಕೊಟ್ಟರೆ ಅಸಲೂ ಉಳಿಯುವುದಿಲ್ಲ.

ಫೋಟೊದ ಹಿಂದಿನ ಕಥೆ ಕೇಳಿದ್ದೀರಿ, ಹೇಳುತ್ತೇನೆ. ಕಲಿತವರು ಫೋಟೊ ಎಂದರೆ ಬೆಳಕು ಅನ್ನುತ್ತಾರೆ. ನಾನು ಫರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುತ್ತಿದ್ದವನು. ನಂತರ ಕ್ಯಾಮೆರಾ ಹಿಡಿದೆ. ಕಲ್ಲಿನಿಂದ ನಾನು ಕಲಿತದ್ದು ಒಂದೇ, ಏನನ್ನು ತೆಗೆದು ಹಾಕಬೇಕು ಎಂಬುದು. ಕೋಡ್ಲಾದ ಒಂದು ಮದುವೆಯಲ್ಲಿ ರಸ್ತೆಯ ಧೂಳು ಹಿಡಿದ ಬೇವಿನ ಗಿಡವನ್ನು ಬಕೆಟ್ ನೀರು ಎರಚಿ ತೊಳೆಸಿ ಆಮೇಲೆ ಜೋಡಿಯನ್ನು ನಿಲ್ಲಿಸಿದೆ. ವರನ ಕಾಕಾ “ಗಿಡಕ್ಕೂ ಅರಿಶಿಣ ಹಚ್ಚತೀಯೇನಪಾ?” ಎಂದು ಚಾಷ್ಟಿ ಮಾಡಿದ. ಈಗ ಆ ಫೋಟೊ ಅವನ ಮನೆಯಲ್ಲೇ ಇದೆ. ವಾಡಿಯಲ್ಲಿ ಒಬ್ಬ ವರ ಅಳಲಿಕ್ಕೆ ಶುರು ಮಾಡಿದ. ಎಲ್ಲರೂ ಕ್ಯಾಮೆರಾ ಇಳಿಸು ಅಂದರು. ಇಳಿಸಿದಂತೆ ಮಾಡಿ ಸೊಂಟದ ಹತ್ತಿರ ಹಿಡಿದು ತೆಗೆದೆ. ಹಳೆಯ ಖಣಿಗಳ ನೀರಿನ ದಂಡೆಯಲ್ಲಿ ಎಷ್ಟೋ ಜೋಡಿಗಳನ್ನು ನಿಲ್ಲಿಸಿದ್ದೇನೆ. ಅಲ್ಲಿ ನೀರು ನೀಲಿಯಾಗಿ ಕಾಣುವ ಹೊತ್ತು ಯಾವುದು ಎಂದು ಕೇಳಿದರೆ ಬೇರೆ ಸ್ಟುಡಿಯೊದವರಿಗೆ ಹೇಳುವುದಿಲ್ಲ.

ಆದರೆ ನಿಮ್ಮ ಹಾರದ ಫೋಟೊ ಇವೆಲ್ಲಕ್ಕಿಂತ ಮೇಲು. ನೀವು ಹಾರ ಎತ್ತಿದಿರಿ. ನಾನು ವೇದಿಕೆಯ ಮೇಲೆ ಮಂಡಿಯೂರಿ ಕೂತು ಕಾದೆ. “ಮಾಸ್ತರ್, ಹಾಜರಿ ಹೇಳ್ರಿ!” ಅಂದೆ. ನೀವು ನಕ್ಕಿರಿ, ನಾನು ಬಟನ್ ಒತ್ತಿದೆ. ಇಷ್ಟೇ. ನಗಿಸುವುದಕ್ಕೆ ನಾಲಿಗೆ ಬೇಕು, ಕಾಯುವುದಕ್ಕೆ ಮಂಡಿ ಬೇಕು.

ಇನ್ನೊಂದು ಪ್ರತಿ ಬೇಕಾದರೆ ಸಂಕೋಚ ಪಡಬೇಡಿ.

ಹಾಜಿಮಲಂಗ್


ಶಾಖಾ ಅಂಚೆ ಕಚೇರಿ
೨೫ ಜೂನ್ ೨೦೨೪

ಮಲಂಗ್ ಅಣ್ಣನವರಿಗೆ,

ಹಾಜರಿಯ ಮಾತನ್ನು ನೀವು ಆಡಿದ್ದು ಹೌದು, ಆದರೆ ಅದು ಊಟಕ್ಕೆ ಕೂತಾಗ. ಹಾರ ಹಾಕುವಾಗ ಭಂತೇಜಿ ಬುದ್ಧವಂದನೆಯ ಪಠಣ ಮಾಡುತ್ತಿದ್ದರು. ಯಾರೂ ಮಾತಾಡಲಿಲ್ಲ, ನೀವೂ ಆಡಲಿಲ್ಲ. ಅಷ್ಟು ನನಗೆ ಪಕ್ಕಾ ನೆನಪಿದೆ. ನಕ್ಕದ್ದು ಮಾತ್ರ ನೆನಪಿಲ್ಲ. ಪಕ್ಕದಲ್ಲಿ ನಿಂತಿದ್ದ ಗೆಳತಿ ಭಾಗ್ಯಳನ್ನು ಕೇಳಿದೆ. “ನೀ ಮಾರಿ ಕೆಳಗ ಹಾಕಿದ್ದಿ, ಆದ್ರ ಫೋಟೊದಾಗ ನಕ್ಕೀದಿ ಅಂದ್ರ ನಕ್ಕಿರಬೇಕು ತಗೋ,” ಅಂದಳು. ನನಗೂ ಈಗ ಹಾಗೇ ಅನ್ನಿಸಲು ಶುರುವಾಗಿದೆ.

ಮತ್ತೊಂದು. ಆ ಫೋಟೊದಲ್ಲಿ ನಾನು ಇವರನ್ನು ನೋಡುತ್ತಿಲ್ಲ. ಇವರ ಕಿವಿಯ ಆಚೆ ಎಲ್ಲೋ ನೋಡುತ್ತಿದ್ದೇನೆ. ಮೊದಲು ಅದನ್ನು ಕಂಡುಹಿಡಿದದ್ದು ಅತ್ತೆಯವರು. “ಹಾರ ಗಂಡನ ಕೊರಳಿಗಿ, ಕಣ್ಣು ಯಾರ ಕಡಿಗಿವಾ?” ಅನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ. ನಾನು ಸುಮ್ಮನೆ ಕೂತಿದ್ದರೆ “ಫೋಟೊದಾಗಿನ ಸೊಸಿ ಎಲ್ಲಿ ಹೋದಳೋ ಏನೋ” ಅನ್ನುತ್ತಾರೆ. ಆಗ ಇವರು ಗೋಡೆಯ ಆ ಫೋಟೊ ನೋಡುತ್ತಾರೆ.

ನಿಮ್ಮ ಹತ್ತಿರ ವಿಡಿಯೊ ಇದ್ದರೆ ನೋಡಿ ಹೇಳಿ. ಅಲ್ಲಿ ಏನಿತ್ತು? ನಾನು ಏನನ್ನು ನೋಡಿದೆ?

ಪ್ರತಿ ಬೇಡ.

ಸುಮಂಗಲಾ


ಮಲಂಗ್ ಫೋಟೊ ಸ್ಟುಡಿಯೊ, ಶಹಾಬಾದ
೬ ಜುಲೈ ೨೦೨೪

ತಂಗಿ,

ವಿಡಿಯೊ ತೆಗೆದವನು ನಮ್ಮ ಶಾಹನವಾಜ. ಅವನು ಹೆಚ್ಚಾಗಿ ಅಡುಗೆಯವರ ಕಡೆಗೇ ಕ್ಯಾಮೆರಾ ತಿರುಗಿಸಿದ್ದಾನೆ. ಆದರೂ ಹಾರದ ಹೊತ್ತಿನದು ಒಂದಿಷ್ಟು ಸಿಕ್ಕಿತು. ನಿಮ್ಮ ಮುಖ ಅದರಲ್ಲಿ ಕಾಣುವುದಿಲ್ಲ, ನನ್ನ ಬೆನ್ನೇ ಅಡ್ಡ ಬಂದಿದೆ. ನನ್ನ ಹಿಂದೆ, ಕಂಬದ ಹತ್ತಿರ, ನೀಲಿ ಅಂಗಿ ಹಾಕಿದ ಒಬ್ಬ ಹುಡುಗ ನಿಂತಿದ್ದಾನೆ. ವಯಸ್ಸಿನವನು, ಕ್ರಾಪು ಚೆನ್ನಾಗಿದೆ. ವೇದಿಕೆಯ ಕಡೆ ನೋಡಿ ಕೈ ಎತ್ತಿ ಏನೋ ಸನ್ನೆ ಮಾಡುತ್ತಾನೆ. ನೀವು ಫೋಟೊದಲ್ಲಿ ನೋಡುತ್ತಿರುವ ದಿಕ್ಕು ಅದೇ. ಎರಡು ಸಲ ಓಡಿಸಿ ನೋಡಿದೆ.

ಈಗ ನನಗೆ ನಿಮ್ಮ ಪತ್ರದ ಅರ್ಥ ಆಯಿತು. ಮೊದಲ ಸಲವೇ ಆಗಬೇಕಿತ್ತು. ಅಂಚೆ ಕಚೇರಿಗೆ ಬರೆಯಿರಿ, ಫೋನ್ ಬೇಡ ಅಂದಿರಿ, ನಾನು ಹೊಗಳಿಕೆ ಎಂದು ತಿಳಿದೆ. ತಂಗಿ, ನಾನು ಮದುವೆಗಳಲ್ಲೇ ತಲೆ ಹಣ್ಣು ಮಾಡಿಕೊಂಡವನು. ಇಂಥ ನೀಲಿ ಅಂಗಿಗಳನ್ನು ಕಂಬಕಂಬದ ಹತ್ತಿರ ಕಂಡಿದ್ದೇನೆ. ಯಾರು, ಯಾವ ಊರು ಎಂದು ಕೇಳುವುದಿಲ್ಲ. ಒಂದು ಕಾಲಕ್ಕೆ ಏನೋ ಇದ್ದಿರಬಹುದು. ಮಾಸ್ತರರು ಒಳ್ಳೆಯವರ ಹಾಗೆ ಕಾಣುತ್ತಾರೆ. ಹಿಂದಿನದನ್ನು ಹಿಂದೆ ಬಿಟ್ಟು ಬಿಡಿ. ವಿಡಿಯೊದಿಂದ ಅವನನ್ನು ಕತ್ತರಿಸಿ ಹಾಕುತ್ತೇನೆ, ಮಾಸುಮಬಿಗೂ ಕಾರಣ ಹೇಳುವುದಿಲ್ಲ. ನಿಮ್ಮ ಗುಟ್ಟು ಈ ಅಣ್ಣನ ಹೊಟ್ಟೆಯಲ್ಲಿ ಇರುತ್ತದೆ.

ಹಾಜಿಮಲಂಗ್


ಮಲಂಗ್ ಫೋಟೊ ಸ್ಟುಡಿಯೊ, ಶಹಾಬಾದ
೨ ಆಗಸ್ಟ್ ೨೦೨೪

ತಂಗಿ,

ನಿಮ್ಮಿಂದ ಉತ್ತರ ಇಲ್ಲ. ಇಲ್ಲ ಎಂದರೆ ಮನಸ್ಸು ತಿಳಿಯಾಗಿದೆ ಎಂದು ತಿಳಿದುಕೊಂಡಿದ್ದೇನೆ. ಒಳ್ಳೆಯದಾಯಿತು.

ಒಂದು ಸುದ್ದಿ. ನಮ್ಮ ಸ್ಟುಡಿಯೊಗೆ ಹೊಸ ಬೋರ್ಡ್ ಏರಿಸಿದೆ. ಯಾವ ಫೋಟೊ ಹಾಕಬೇಕು ಎಂದು ಬಹಳ ವಿಚಾರ ಮಾಡಿ ನಿಮ್ಮ ಹಾರದ್ದನ್ನೇ ಹಾಕಿಸಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಫೋಟೊಗ್ರಾಫರುಗಳು ಸೇರಿದ್ದ ಸಭೆಯಲ್ಲಿ ಆ ಒಂದು ಫೋಟೊದ ಮೇಲೆಯೇ ಮಾತಾಡಿದೆ, ಹೇಗೆ ಕಾಯಬೇಕು, ಹೇಗೆ ನಗಿಸಬೇಕು ಅಂತ. ಭಾಷಣ ಉದ್ದವಾಯಿತು ಎಂದು ಕೆಲವರು ಅಂದರಂತೆ. ಹೊಟ್ಟೆಕಿಚ್ಚು.

ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು ಎಂಬುದು ಬೋರ್ಡ್ ಏರಿಸಿದ ಮೇಲೆ ನೆನಪಾಯಿತು. ಮಾಸ್ತರರಿಗೂ ಹೇಳಿರಿ, ಅವರೂ ಚಂದ ಬಂದಿದ್ದಾರೆ.

ಹಾಜಿಮಲಂಗ್


ಶಾಖಾ ಅಂಚೆ ಕಚೇರಿ
೧೪ ಆಗಸ್ಟ್ ೨೦೨೪

ಮಲಂಗ್ ಅಣ್ಣನವರಿಗೆ,

ನಿಮ್ಮ ಜುಲೈ ತಿಂಗಳ ಪತ್ರ ಬಂದಾಗ ನಾನು ಜ್ವರ ಬಂದು ಆಡಕಿಗೆ ಹೋಗಿದ್ದೆ. ನನ್ನ ಬದಲಿಗೆ ಕಚೇರಿಯಲ್ಲಿ ಕೂತಿದ್ದ ಹುಡುಗಿ “ಅಕ್ಕನ ಕಾಗದ ಬಂದದರಿ ಸರ್” ಎಂದು ಮನೆಗೆ ಒಯ್ದು ಇವರ ಕೈಗೆ ಕೊಟ್ಟಳು. ಜ್ವರದಲ್ಲಿರುವವಳಿಗೆ ಏನು ಅವಸರದ ಪತ್ರವೋ ಎಂದು ಇವರು ಒಡೆದು ಓದಿದ್ದಾರೆ. ನಾನು ತಿರುಗಿ ಬಂದ ಮೇಲೆ “ನಿನ್ನ ಕಾಗದ” ಎಂದು ಕೊಟ್ಟರು. ಅಷ್ಟೇ. ನೀಲಿ ಅಂಗಿಯವನು ಯಾರು ಎಂದು ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕೇಳಲಿಲ್ಲ.

ಅಣ್ಣ, ನನಗೆ ಯಾವ ನೀಲಿ ಅಂಗಿಯೂ ಗೊತ್ತಿಲ್ಲ. ಮೊದಲೇ ಎಲ್ಲ ಬಿಚ್ಚಿ ಬರೆಯದೆ ಇದ್ದದ್ದು ತಪ್ಪಾಯಿತು. ಈಗ ಬರೆಯುತ್ತೇನೆ.

ನಾನು ಮೊದಲಿನಿಂದಲೂ ಕಡಿಮೆ ನಗುವವಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಅದನ್ನು ದುಃಖ ಎಂದು ತಿಳಿಯುವುದಿಲ್ಲ. ಇವರಿಗೆ ಗೊತ್ತಿಲ್ಲ. ಇವರಿಗೆ ಗೊತ್ತಿರುವುದು ಆ ಫೋಟೊ. ನಾನು ಸುಮ್ಮನೆ ಕೂತಿದ್ದರೆ ಒಮ್ಮೆ ಗೋಡೆ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. “ಅವತ್ತು ಅಷ್ಟು ಖುಷಿ ಇದ್ದಿ. ಆಮ್ಯಾಲ ನಾ ಏನು ತಪ್ಪು ಮಾಡೀನಿ, ಹೇಳು,” ಎಂದು ಕೇಳುತ್ತಿದ್ದರು. ಏನು ಹೇಳಲಿ? ತಪ್ಪು ಮಾಡಿಲ್ಲ ಅಂದರೆ ನಂಬುವುದಿಲ್ಲ. ಸುಳ್ಳು ನಗು ನಕ್ಕು ನೋಡಿದೆ. “ಹಲ್ಲು ನೋಯಾಕತ್ತಾವೇನು?” ಅಂದರು ಅತ್ತೆಯವರು.

ನಿಮ್ಮ ಪತ್ರದ ನಂತರ ಆ ಪ್ರಶ್ನೆಯೂ ನಿಂತಿತು. ಮೊನ್ನೆ ಇವರು ಅತ್ತೆಯವರಿಗೆ ಹೇಳುತ್ತಿದ್ದುದು ಈ ಕೋಣೆಗೆ ಕೇಳಿತು. “ದಸರಾ ಸೂಟಿಗಿ ಆಕಿನ್ನ ಆಡಕಿಗಿ ಬಿಟ್ಟು ಬರ್ತೀನಿ. ಆಕಿ ಮನಸ್ಸು ಎಲ್ಲದ ಅಲ್ಲಿ ಇರಲಿ. ನಗೋ ಹುಡುಗಿನ್ನ ತಂದು ಅಳಿಸಿದ ಪಾಪ ನನಗ ಬ್ಯಾಡ.” ಸಿಟ್ಟಿನಿಂದ ಅನ್ನಲಿಲ್ಲ. ಅದೇ ನನಗೆ ಹೆದರಿಕೆ. ಸಿಟ್ಟಿನವರ ಮನಸ್ಸು ತಿರುಗುತ್ತದೆ. ಇವರು ನನ್ನ ಒಳ್ಳೆಯದಕ್ಕೆ ಎಂದೇ ಬಿಟ್ಟು ಬರುತ್ತಾರೆ.

ನನಗೆ ಹೋಗುವ ಮನಸ್ಸಿಲ್ಲ. ಇದನ್ನು ಹೇಳಿದರೆ ಗೋಡೆಯ ಫೋಟೊ ತೋರಿಸಿ “ಮತ್ತ ಇದು?” ಅನ್ನುತ್ತಾರೆ.

ನಾನು ನಕ್ಕೆನೋ ಇಲ್ಲವೋ? ಇಷ್ಟೇ ಹೇಳಿ. ನನ್ನ ತಲೆ ಕೆಟ್ಟಿದೆ. ಆ ಬೋರ್ಡ್ ಇಳಿಸಿ.

ಸುಮಂಗಲಾ


ಮಲಂಗ್ ಫೋಟೊ ಸ್ಟುಡಿಯೊ, ಶಹಾಬಾದ
೨೨ ಆಗಸ್ಟ್ ೨೦೨೪

ಸುಮಂಗಲಾ ತಂಗಿಗೆ,

ಬೋರ್ಡ್ ಇಳಿಸಿದೆ. ಮೊದಲ ಕೆಲಸ ಅದು. ಎರಡನೆಯದಾಗಿ ನಿಮ್ಮ ಎಲ್ಲ ಪತ್ರಗಳನ್ನು ಮಾಸುಮಬಿಗೆ ಓದಿ ಹೇಳಿದೆ. ಜೂನ್ ತಿಂಗಳಲ್ಲೇ ಓದಿದ್ದರೆ ಈ ಪತ್ರವನ್ನು ಬರೆಯುವ ಪಾಳಿ ಬರುತ್ತಿರಲಿಲ್ಲ. ಆಕೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಬಿಳಿ ಸೀರಿ ಹುಡುಗಿ, ಹಾರದ ಫೋಟೊ. ಅದೇನ್ರಿ? ಅದರ ಮಾರಿ ನಾ ಬದಲಿ ಮಾಡೀನಲ್ಲ.”

“ಯಾರನ್ನ ಕೇಳಿ ಮಾಡಿದಿ?”

“ಯಾವತ್ತು ಕೇಳೀನಿ? ನೀವು ತಗದಿದ್ದರಾಗ ಇಬ್ಬರೂ ಮಯ್ಯತ್ತಿಗಿ ಮಣ್ಣು ಕೊಡಾಕ ಬಂದವರಂಗ ನಿಂತಿದ್ರು. ಹಂಗ ಕೊಟ್ಟಿದ್ರ ಮಂದಿ ನಿಮಗ ಬೈತಿದ್ರು.”

“ಇಬ್ಬರೂ?”

“ಹೌದ್ರಿ, ಮಾಸ್ತರಂದು ಸುದ್ದಾ. ಬಾಯಿ ತಗದು ನಿಂತಿದ್ದ. ಸಂಜಿಗಿ ದೋಸ್ತರ ಜೋಡಿ ನಗುವಾಗಿನ ಮಾರಿ ತಂದು ಕುಂದ್ರಿಸೀನಿ. ಯಾಕ, ಭಾಷಣ ಮಾಡೋ ಮುಂದ ಗೊತ್ತಾಗಲಿಲ್ಲೇನು?”

ತಂಗಿ, ಈ ಕೆಲಸ ಎಲ್ಲ ಸ್ಟುಡಿಯೊಗಳಲ್ಲೂ ನಡೆಯುತ್ತದೆ. ಗುಂಪಿನ ಫೋಟೊದಲ್ಲಿ ಯಾರೋ ಕಣ್ಣು ಮುಚ್ಚಿರುತ್ತಾರೆ, ಇನ್ನೊಂದರಿಂದ ತೆರೆದ ಕಣ್ಣು ತಂದು ಕೂಡಿಸುತ್ತಾರೆ. ಆದರೆ ವಧುವಿನ ಮುಖ ಬದಲಿಸುವುದು ಸುಲಭವಲ್ಲ. ಬೇರೆ ಮದುವೆಗಳಲ್ಲಿ ಒಂದೊಂದು ಶಾಸ್ತ್ರಕ್ಕೆ ಒಂದೊಂದು ಸೀರೆ, ಒಂದೊಂದು ಸರ. ಬೆಳಗಿನ ಮುಖ ಮಧ್ಯಾಹ್ನದ ಕುತ್ತಿಗೆಗೆ ಹೊಂದುವುದಿಲ್ಲ. ನಿಮ್ಮದು ಬೌದ್ಧ ಮದುವೆ. ಬೆಳಗಿನಿಂದ ಸಂಜೆಯ ತನಕ ನೀವು ಅದೇ ಬಿಳಿ ಸೀರೆ, ಅವರು ಅದೇ ಬಿಳಿ ಅಂಗಿ. ಕುತ್ತಿಗೆಯ ಕೆಳಗೆ ಯಾವ ಹೊತ್ತಿನದು ಎಂದು ನನಗೂ ತಿಳಿಯಲಿಲ್ಲ. ನನ್ನ ಫೋಟೊವನ್ನು ನನಗೇ ಗುರುತು ಹಿಡಿಯಲಾಗಲಿಲ್ಲ. ಮಂಡಿಯೂರಿ ಕಾದೆ, ನಗಿಸಿದೆ ಎಂದು ಅಷ್ಟು ಮಂದಿಯ ಮುಂದೆ ಹೇಳಿದೆ. ಸುಳ್ಳು ಹೇಳಲಿಲ್ಲ, ಫೋಟೊ ನೋಡಿ ಹಾಗೇ ನಡೆದಿರಬೇಕು ಎಂದು ನಂಬಿದೆ. ನೀವೂ ಹಾಗೇ ನಂಬಿದಿರಿ.

ಹಾಗಾದರೆ ನಗು ಯಾವುದು? ಅದೂ ಹೇಳಬೇಕು, ಮಾಸುಮಬಿ ಹಿಂದೆ ನಿಂತು ಬರೆಸುತ್ತಿದ್ದಾಳೆ. ಊಟ ಆದ ಮೇಲೆ ನಿಮ್ಮನ್ನು ಒಬ್ಬರನ್ನೇ ನಿಲ್ಲಿಸಿ ತೆಗೆಯುವಾಗ ಹಿಂದೆ ಹಿಂದೆ ಸರಿದು ಕೂಲರಿನ ವೈರಿಗೆ ಕಾಲು ಸಿಕ್ಕು ವೇದಿಕೆಯಿಂದ ಬಿದ್ದೆನಲ್ಲ? ಬಟನ್ನಿನ ಮೇಲಿನ ಬೆರಳು ಬಿಟ್ಟಿರಲಿಲ್ಲ. ಒಂದರಲ್ಲಿ ನಿಮ್ಮ ನಗು ಬಂದಿದೆ, ಮುಂದಿನದರಲ್ಲಿ ಚಪ್ಪರ, ಅದರ ಮುಂದಿನದರಲ್ಲಿ ನನ್ನದೇ ಬೂಟು. ನೀವು ಫೋಟೊದಲ್ಲಿ ನೋಡುತ್ತಿರುವುದು ಯಾವ ಗಂಡಸನ್ನೂ ಅಲ್ಲ. ಗಂಡಸೇ ಅನ್ನುವುದಾದರೆ, ಬೀಳುತ್ತಿರುವ ನನ್ನನ್ನು.

ನೀಲಿ ಅಂಗಿಯವನು ಜನರೇಟರಿನವನು. ಕರೆಂಟು ಹೋಗುತ್ತದೆ, ಮಶಿನ್ ಚಾಲೂ ಮಾಡಲೇನು ಎಂದು ಮೈಕಿನವನಿಗೆ ಸನ್ನೆ ಮಾಡುತ್ತಿದ್ದ. ಶಾಹನವಾಜನಿಗೆ ಅವನ ಗುರುತಿದೆ. ಇದನ್ನು ಕೇಳಿ ಬರೆಯುವುದು ಬಿಟ್ಟು ನಾನು ನಿಮಗೆ ಬುದ್ಧಿ ಹೇಳಿದೆ. ಮಾಸ್ತರರಿಗೆ ಈ ಪತ್ರ ತೋರಿಸಿರಿ. ನಾನೇ ಬಂದು ಹೇಳಬೇಕಾದರೂ ಬರುತ್ತೇನೆ.

ಮುಖ ಬದಲಿಸುವ ಮೊದಲಿನ ಫೋಟೊವನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನೆಯಿಂದ ಅದನ್ನು ಎಷ್ಟೋ ಸಲ ನೋಡಿದೆ. ಒಮ್ಮೆ ಕೆಟ್ಟು ಹೋದ ಫೋಟೊ ಎನ್ನಿಸುತ್ತದೆ, ಒಮ್ಮೆ ನಾನು ತೆಗೆದದ್ದರಲ್ಲೇ ಒಳ್ಳೆಯದು ಎನ್ನಿಸುತ್ತದೆ. ಗೊತ್ತಾಗುತ್ತಿಲ್ಲ.

ಹಾಜಿಮಲಂಗ್


ಶಾಖಾ ಅಂಚೆ ಕಚೇರಿ
೯ ಸೆಪ್ಟೆಂಬರ್ ೨೦೨೪

ಮಲಂಗ್ ಅಣ್ಣನವರಿಗೂ ಮಾಸುಮಬಿ ಅಕ್ಕನವರಿಗೂ ಜೈಭೀಮ್.

ಕೈಗೆ ಬಂದ ಮೇಲೆ ಕೆಲವು ದಿನ ನಿಮ್ಮ ಲಕೋಟೆಯನ್ನು ಕಚೇರಿಯಲ್ಲೇ ಇಟ್ಟುಕೊಂಡೆ. ಇವರು ಆ ನಗುವನ್ನು ನೋಡಿಕೊಂಡೇ ಇಷ್ಟು ದಿನ ಮನೆಗೆ ಬರುತ್ತಿದ್ದರು. ಅದು ಇವರಿಗಾಗಿ ಅಲ್ಲ, ಯಾರೋ ಬಿದ್ದದ್ದಕ್ಕೆ ಎಂದು ಇವರಿಗೆ ಹೇಗೆ ಹೇಳುವುದು? ನಿನ್ನೆ ಭಾನುವಾರ, ಇವರು ಮಕ್ಕಳ ಕಾಪಿ ತಿದ್ದುತ್ತ ಕೂತಿದ್ದಾಗ ಪತ್ರ, ಫೋಟೊ ಎರಡನ್ನೂ ಮುಂದೆ ಇಟ್ಟು ಅಡುಗೆಗೆ ಹೋದೆ. ಕುಕ್ಕರ್ ಕೆಟ್ಟಿತ್ತು, ಪಾತ್ರೆಯಲ್ಲಿ ಅನ್ನಕ್ಕೆ ಇಟ್ಟಿದ್ದೆ.

ಅಕ್ಕಿ ಕುದಿಯಲು ಬಿಟ್ಟು ಬಂದೆ. ಇಣುಕಿ ನೋಡಿದರೆ ಫೋಟೊ ಹಿಡಿದು ಬಾಗಿಲ ಬೆಳಕಿನಲ್ಲಿ ನಿಂತಿದ್ದಾರೆ. ನನ್ನ ಮುಖ ಅಲ್ಲ, ತಮ್ಮ ಮುಖವನ್ನೇ ನೋಡುತ್ತಿದ್ದಾರೆ.

“ನಾ ನಕ್ಕಿರಲಿಲ್ಲ,” ಅಂದರು. “ನನಗ ಗೊತ್ತಿತ್ತು ನಾ ನಕ್ಕಿಲ್ಲ ಅಂತ. ಆದ್ರ ಗ್ವಾಡಿ ಮ್ಯಾಲ ನಗಾಕತ್ತೀನಿ. ಫೋಟೊ ಇರೋ ಮುಂದ ನನ್ನ ಮಾತು ಯಾರು ಕೇಳ್ತಾರ? ಮರತಿರಬೇಕು ಅಂದ್ಕೊಂಡು ಸುಮ್ಮನಾದೆ.”

“ಬಾಯಿ ಯಾಕ ತಗದೀರಿ?”

“ಪಂಚಶೀಲ ಹೇಳುವಾಗ ಒಂದು ಸಾಲು ತಪ್ಪಿತ್ತು. ಮಾಸ್ತರ ಆಗಿ ಇಷ್ಟು ಮಂದಿ ಮುಂದ ತಪ್ಪಿದ್ನಲ್ಲ ಅಂತ ಅದನ್ನೇ ಒಳಗ ಮತ್ತ ಮತ್ತ ಹೇಳ್ಕೊಳ್ಳಾಕತ್ತಿದ್ದೆ. ಹಾರ ಬಿದ್ದದ್ದೇ ಗೊತ್ತಾಗಿಲ್ಲ ನನಗ.”

ಆಮೇಲೆ ಪತ್ರವನ್ನು ಇನ್ನೊಮ್ಮೆ ಓದಿದರು. “ಜನರೇಟರಿನವ,” ಅಂದರು. “ನಾ ಇಷ್ಟು ದಿನ ಆಲ್ಬಮ್ ತಗದು ಎಲ್ಲಾರ ಅಂಗಿ ನೋಡೀನಿ. ನಮ್ಮ ಹೆಡ್‌ಮಾಸ್ತರ ತನಕ ಬಿಟ್ಟಿಲ್ಲ.”

ನನಗೆ ಅಳುವೂ ಬಂತು, ಬೇರೆ ಏನೋ ಕೂಡ ಬಂತು. ಎರಡನ್ನೂ ತಡೆದುಕೊಂಡೆ.

ಅತ್ತೆಯವರು ಚಷ್ಮಾ ಹಾಕಿಕೊಂಡು ಫೋಟೊ ಇಸಿದುಕೊಂಡರು. ಏನು ಅನ್ನುತ್ತಾರೋ ಎಂದು ನಿಂತೆ. ಅವರ ಮದುವೆಯಲ್ಲಿ ಫೋಟೊ ತೆಗೆಸಿರಲಿಲ್ಲವಂತೆ, ನನಗೆ ಗೊತ್ತಿರಲಿಲ್ಲ. “ನಿಮ್ಮಪ್ಪನೂ ಹಿಂಗೇ ನಿಂತಿದ್ದ ನೋಡೋ,” ಅಂದರು ಮಗನಿಗೆ. ನನಗೆ “ನೀ ಭಾಳ ಅಂಜಿದ್ದೆಲ್ಲವಾ” ಅಂದರು. ಅವರು ನನಗೆ ಹಾಗೆ ಮಾತಾಡಿದ್ದು ಇದೇ ಮೊದಲು.

ಗೋಡೆಯ ಮೇಲಿನದನ್ನು ಇವರೇ ಇಳಿಸಿದರು. ಆ ಜಾಗ ಈಗ ಖಾಲಿ ಇದೆ. ಹೊಸದನ್ನು ಹಾಕುವುದೋ ಬೇಡವೋ ಇನ್ನೂ ತಿಳಿದಿಲ್ಲ, ಅವಸರವೂ ಇಲ್ಲ.

ಕೆಳಗೆ ಕೂತು ಇವರು ಕೇಳಿದರು: “ಯಾಕ ಅಂಜಿದ್ದಿ?” ಅಣ್ಣ, ಇಷ್ಟು ದಿನ ಇವರು ಯಾಕೆ ನಕ್ಕಿದ್ದಿ, ಯಾಕೆ ನಗುವುದಿಲ್ಲ ಎಂದಷ್ಟೇ ಕೇಳಿದ್ದರು. ಹೇಳಿದೆ. ಮದುವೆಗೆ ಮೊದಲು ಫೋನಿನಲ್ಲಿ ಮಾತಾಡಿದಾಗೆಲ್ಲ ಎರಡು ಮನೆಯ ಮಂದಿಯೂ ಸುತ್ತ ಕೂತು ಕೇಳುತ್ತಿದ್ದರು, ಇವರೂ ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಿದ್ದರು, ಒಬ್ಬರೇ ಇದ್ದಾಗ ಇವರ ದನಿ ಹೇಗಿರುತ್ತದೆ ಎಂಬುದು ಸಹ ಗೊತ್ತಿಲ್ಲದವರ ಕೊರಳಿಗೆ ಹಾರ ಹಾಕುತ್ತಿದ್ದೇನೆ ಎನ್ನಿಸಿತು ಎಂದು ಹೇಳಿದೆ. ಆಡಕಿಗೆ ಹೋಗುವುದಿಲ್ಲ ಎಂದೂ ಹೇಳಿದೆ. ಇವರು ತಮ್ಮ ಮಾತು ಶುರು ಮಾಡಿದರು. ಅದನ್ನು ಬರೆಯುವುದಿಲ್ಲ.

ಅನ್ನ ತಳ ಹಿಡಿದ ವಾಸನೆ ಬಂತು. ಇಬ್ಬರಿಗೂ ಬಂತು, ಇಬ್ಬರೂ ಏಳಲಿಲ್ಲ. ಅತ್ತೆಯವರು ಒಳಗೆ ಹೋಗಿ ಪಾತ್ರೆ ಇಳಿಸಿದರು. ಹೊರಗೆ ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಸುಮಂಗಲಾ